ನಾಟಕಕಾರನನ್ನು ಹದಕ್ಕೆ ತರುವ ಸರ್ಕಾರಿ ಕ್ರಮ

ನಾಟಕಕಾರನಿಂದ ದೇಶಕ್ಕೆ ಅಪಾಯ ಎಂದು ಸಾರಲು ನಾಟಕ ನೋಡಿರಬೇಕೆಂದೇನಿಲ್ಲ. ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸತ್ತಿನ ‘ಅಮೆರಿಕ ವಿರೋಧಿ ಚಟುವಟಿಕೆಗಳ ಸಮಿತಿ’ ಇದನ್ನು 1938ರಲ್ಲೇ ತೋರಿಸಿಕೊಟ್ಟಿತ್ತು. ಇಂಗ್ಲಿಷ್ ನಾಟಕಕಾರ ಕ್ರಿಸ್ಟೋಫರ್ ಮಾರ್ಲೋ ಕಮ್ಯುನಿಸ್ಟನೇ ಎಂದು ಸದಸ್ಯರೊಬ್ಬರು ಅಂದು ವಿಚಾರಿಸಿದ್ದರು. ಮಾರ್ಲೋ ಸತ್ತಿದ್ದು 1593ರಲ್ಲಾದ್ದರಿಂದ ಸಮನ್ಸ್ ಜಾರಿಯಾಗಲಿಲ್ಲ.

ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಬದುಕಿದ್ದರು, ಅದೊಂದು ಅನುಕೂಲ. 1949ರಲ್ಲಿ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ಪುಲಿಟ್ಜರ್ ಪಡೆಯಿತು. ಅದನ್ನು ಸಿನಿಮಾ ಮಾಡಿದ ಕೊಲಂಬಿಯಾ ಕಂಪನಿಗೆ ಎದೆ ನಡುಗಿ, ಸೇಲ್ಸ್‌ಮನ್ ಕೆಲಸ ಎಷ್ಟು ಸೊಗಸು ಎಂದು ಹೊಗಳುವ ಕಿರುಚಿತ್ರವನ್ನೂ ತಯಾರಿಸಿತು. ತನ್ನದೇ ಚಿತ್ರಕ್ಕೆ ತನ್ನದೇ ಖಂಡನೆ! ಕೋರ್ಟಿಗೆ ಹೋಗುತ್ತೇನೆಂದು ಮಿಲ್ಲರ್ ಗದರಿದ ಮೇಲೆ ಅದು ಡಬ್ಬ ಸೇರಿತು.

1953ರಲ್ಲಿ ಅವರ ‘ದಿ ಕ್ರೂಸಿಬಲ್’ ನಾಟಕ ಬಂತು. 1692ರಲ್ಲಿ ಅಮೆರಿಕದ ಸೇಲಂ ಊರಿನಲ್ಲಿ ನಡೆದ ಮಾಟಗಾರರ ವಿಚಾರಣೆಯ ಕಥೆ. ಮಾಟ ಮಾಡಿದ್ದು ನಿಜ ಎಂದು ಒಪ್ಪಿಕೊಂಡು ಇನ್ನಷ್ಟು ಹೆಸರು ಕೊಟ್ಟವರು ಉಳಿದರು. ಒಪ್ಪದ 19 ಮಂದಿ ನೇಣಿಗೇರಿದರು. ನಾಟಕದಲ್ಲಿ ಸಮಿತಿಯ ಸುದ್ದಿಯೇ ಇಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರು ಎಲ್ಲ ದೇಶದಲ್ಲೂ ಇರುತ್ತಾರೆ. 1954ರಲ್ಲಿ ಬ್ರಸೆಲ್ಸ್‌ನಲ್ಲಿ ಈ ನಾಟಕದ ಪ್ರದರ್ಶನಕ್ಕೆ ಮಿಲ್ಲರ್ ಹೊರಟರೆ ಪಾಸ್‌ಪೋರ್ಟ್ ಸಿಗಲಿಲ್ಲ.

1956ರ ಜೂನ್ 21ರಂದು ಸಮಿತಿಯ ಮುಂದೆ ಮಿಲ್ಲರ್ ವಿಚಾರಣೆ. ಕ್ರಮ ಹೀಗೆ: ಮೊದಲು ಅವನ ಬಗ್ಗೆಯೇ ಕೇಳಬೇಕು. ಮಿಲ್ಲರ್ ತಕರಾರಿಲ್ಲದೆ ಹೇಳಿದರು. ಆಮೇಲೆ, 1947ರ ಕಮ್ಯುನಿಸ್ಟ್ ಲೇಖಕರ ಸಭೆಯಲ್ಲಿ ಮತ್ತಾರಿದ್ದರು? ಇಂಥವರು ಅಧ್ಯಕ್ಷತೆ ವಹಿಸಿದ್ದರೇ? ಪ್ರಶ್ನೆಯೊಳಗೇ ಹೆಸರಿತ್ತು! ಬೇಕಾಗಿದ್ದದ್ದು ಮಾಹಿತಿಯಲ್ಲ, ಅವರ ಬಾಯಿಂದ ಬರುವ ಶಬ್ದ. ನನ್ನ ವಿಷಯ ಕೇಳಿ, ಬೇರೆಯವರ ಹೆಸರು ಹೇಳಲಾರೆ ಎಂದರು ಮಿಲ್ಲರ್. ‘ದಿ ಕ್ರೂಸಿಬಲ್’ ನಾಟಕದ ನಾಲ್ಕನೇ ಅಂಕದಲ್ಲಿ ನಾಯಕ ಜಾನ್ ಪ್ರಾಕ್ಟರ್ ಹಿಡಿಯುವ ಪಟ್ಟೂ ಇದೇ. ಎದುರಿಗಿದ್ದ ಸದಸ್ಯರು ತಾಲೀಮಿಲ್ಲದೆಯೇ ನ್ಯಾಯಾಧೀಶರ ಪಾತ್ರವನ್ನು ಚೆನ್ನಾಗಿ ನಿಭಾಯಿಸಿದರು.

ರಿಯಾಯಿತಿಯೂ ಇತ್ತು. ಮಿಲ್ಲರ್ ಮದುವೆಯಾಗಲಿದ್ದ ನಟಿ ಮರ್ಲಿನ್ ಮನ್ರೋ ಜೊತೆ ಒಂದು ಫೋಟೋ ಕೊಡಿಸಿದರೆ ವಿಚಾರಣೆಯನ್ನೇ ಕೈಬಿಡುವುದಾಗಿ ಸಮಿತಿಯ ಅಧ್ಯಕ್ಷರು ಹೇಳಿಕಳಿಸಿದ್ದರು ಎಂಬುದು ಮಿಲ್ಲರ್ ಹೇಳಿಕೆ. ರಾಷ್ಟ್ರದ ಭದ್ರತೆಯ ದರ: ಒಂದು ಫೋಟೋ.

ಹೆಸರು ಹೇಳದ ತಪ್ಪಿಗೆ 1957ರಲ್ಲಿ ಶಿಕ್ಷೆಯಾಯಿತು: 500 ಡಾಲರ್ ದಂಡ, ಅಮಾನತಿನಲ್ಲಿಟ್ಟ ಒಂದು ತಿಂಗಳ ಜೈಲು. 1958ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಮಿಲ್ಲರರನ್ನು ದಾರಿ ತಪ್ಪಿಸಿದ್ದು ಸಮಿತಿಯ ಅಧ್ಯಕ್ಷರೇ ಎಂದಾಯಿತು.

2001ರಲ್ಲಿ ಅದೇ ಸರ್ಕಾರದ ಮಾನವಿಕ ದತ್ತಿ ಸಂಸ್ಥೆ ಮಿಲ್ಲರರನ್ನು ಪ್ರತಿಷ್ಠಿತ ಜೆಫರ್ಸನ್ ಉಪನ್ಯಾಸಕ್ಕೆ ಕರೆಯಿತು. ಅವರು ಆರಿಸಿಕೊಂಡ ವಿಷಯ, ರಾಜಕಾರಣಿಗಳ ನಟನೆ.