ಪದಕ್ಕಿಷ್ಟು, ಗಂಟೆಗಿಷ್ಟು, ಕೆಲಸಕ್ಕಿಷ್ಟು

ಕರ್ನಾಟಕದ ಹೊರಗಿದ್ದು ಅನುವಾದ, ಸಂಪಾದನೆಯ ಬಿಡಿ ಕೆಲಸಗಳಿಂದ ಬದುಕುತ್ತಿರುವ ನನಗೆ ಪ್ರತಿ ಹೊಸ ಗ್ರಾಹಕರೊಡನೆಯೂ ಮೊದಲು ಎದುರಾಗುವುದು ದರದ ಪ್ರಶ್ನೆ. ಪದಕ್ಕೆಷ್ಟು? ಗಂಟೆಗೆಷ್ಟು? ಒಟ್ಟು ಎಷ್ಟು? ಮೂರನ್ನೂ ಮಾಡಿ ನೋಡಿದ್ದೇನೆ. ಇಡೀ ಕೆಲಸಕ್ಕೆ ಒಂದು ಮೊತ್ತ ಹೇಳುವುದೇ ಸರಿ ಎಂದು ಈಗ ಗಟ್ಟಿಯಾಗಿ ಅನ್ನಿಸಿದೆ.

ಪದದ ಲೆಕ್ಕ ಕನ್ನಡಕ್ಕೆ ಅನ್ಯಾಯ ಮಾಡುತ್ತದೆ. ‘ಬರಲಾರದವನಿಗೆ’ ಎಂಬುದು ನಮ್ಮಲ್ಲಿ ಒಂದೇ ಪದ. ಇಷ್ಟನ್ನೇ ಹೇಳಲು ಇಂಗ್ಲಿಷಿಗೆ ನಾಲ್ಕೈದು ಪದ ಬೇಕು. ವಿಭಕ್ತಿ, ಲಿಂಗ, ನಿಷೇಧ ಎಲ್ಲವನ್ನೂ ಪದದೊಳಗೇ ಇಟ್ಟುಕೊಳ್ಳುವ ಭಾಷೆ ನಮ್ಮದು. ಕನ್ನಡದ ಪದಗಳನ್ನು ಎಣಿಸಿ ಹಣ ಕೊಡುತ್ತೇವೆ ಎಂದವರ ಕೆಲಸವನ್ನು ಒಮ್ಮೆ ಒಪ್ಪಿಕೊಂಡಿದ್ದೆ. ಬಿಲ್ ಬರೆಯಲು ಕುಳಿತಾಗ ಹೊಟ್ಟೆ ಉರಿಯಿತು. ಪದದ ಲೆಕ್ಕಕ್ಕೆ ಒಪ್ಪಲೇಬೇಕಾದರೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಮೂಲದ ಪದಗಳನ್ನೇ ಎಣಿಸಬೇಕೆಂದು ಮೊದಲೇ ಬರೆಸಿಕೊಳ್ಳಿ.

ಗಂಟೆಯ ಲೆಕ್ಕ ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಎರಡು ದಿನದ ಕೆಲಸವನ್ನು ಒಂದು ದಿನದಲ್ಲಿ ಮುಗಿಸುವಷ್ಟು ಕೈ ಪಳಗಿದರೆ ಗಳಿಕೆ ಅರ್ಧಕ್ಕಿಳಿಯುತ್ತದೆ. ಸಂಬಳದ ಉದ್ಯೋಗ ಬಿಟ್ಟು ಬಂದವರು ಇನ್ನೊಂದು ತಪ್ಪನ್ನೂ ಮಾಡುತ್ತಾರೆ. ವಾರಕ್ಕೆ 40 ಗಂಟೆಯಂತೆ 52 ವಾರಕ್ಕೆ 2,080 ಗಂಟೆ ಎಂದು ಹಿಡಿದು, ವರ್ಷಕ್ಕೆ ಬೇಕಾದ ಹಣವನ್ನು ಅದರಿಂದ ಭಾಗಿಸುತ್ತಾರೆ. ಕೆಲಸ ಹುಡುಕುವ, ಮಾದರಿ ಕಳಿಸುವ, ಬಾಕಿ ನೆನಪಿಸುವ, ಜ್ವರ ಬಂದು ಮಲಗುವ ಗಂಟೆಗಳಿಗೆ ಯಾರು ಹಣ ಕೊಡುತ್ತಾರೆ? ಅವನ್ನೆಲ್ಲ ಕಳೆದು 1,200 ಗಂಟೆ ಉಳಿಯಿತೆಂದರೆ, ದರ ಮೊದಲಿನ ಸುಮಾರು ಒಂದೂಮುಕ್ಕಾಲು ಪಟ್ಟು ಆಗಬೇಕಾಗುತ್ತದೆ.

ಇಡಿಯಾಗಿ ಮೊತ್ತ ಹೇಳುವವರನ್ನು ಕಾಡುವುದು ‘ಇದೊಂದು ಸಣ್ಣ ಬದಲಾವಣೆ’ ಎಂಬ ಮಾತು. ಅಂಥ ಸಣ್ಣವು ಹತ್ತು ಸೇರಿದರೆ ಇನ್ನೊಂದು ಕೆಲಸವೇ ಆಗುತ್ತದೆ. ಆದ್ದರಿಂದ ಎಷ್ಟು ಪುಟ, ಎಷ್ಟು ಸುತ್ತು ತಿದ್ದುಪಡಿ, ನಡುವೆ ಮೂಲವೇ ಬದಲಾದರೆ ಏನು ಎಂಬುದೆಲ್ಲ ಕರಾರಿನಲ್ಲಿ ಇರಬೇಕು. ನನ್ನ ಮಿತಿ ಎರಡು ಸುತ್ತು. ಮೂರನೆಯದರಿಂದ ಗಂಟೆಯ ದರ. ಅರ್ಧ ಹಣ ಮುಂಗಡ. ದೂರದಲ್ಲಿರುವ ನಾನು ಯಾರ ಬಾಗಿಲಿಗೂ ಹೋಗಿ ಬಾಕಿ ಕೇಳಲಾರೆ.

ಹಸ್ತಪ್ರತಿ ತಿದ್ದುವ ಕೆಲಸ ಮಾತ್ರ ಬೇರೆ. ಒಳಗೆ ಏನಿದೆಯೋ ತಿಳಿಯದೆ ಮೊತ್ತ ಹೇಳಬಾರದು. ಹತ್ತು ಪುಟ ತಿದ್ದಿ, ಹಿಡಿದ ಸಮಯವನ್ನು ಗುರುತು ಹಾಕಿಕೊಂಡು, ಆಮೇಲಷ್ಟೇ ದರ ಹೇಳುತ್ತೇನೆ. ಆ ಹತ್ತು ಪುಟಕ್ಕೂ ಹಣ ಪಡೆಯುತ್ತೇನೆ.