ಅರ್ಧ ಹಬೆ

ಎಡಗಾಲನ್ನು ದಿಂಬಿನ ಮೇಲೆ ಏರಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಪಾದದ ಮೇಲೆ ಅಂಗೈಗಿಂತ ಸ್ವಲ್ಪ ಚಿಕ್ಕದಾದ ಸುಟ್ಟಗಾಯವಿದೆ. ಗಾಯದ ಮೇಲೆ ಬಿಳಿಯ ಪಟ್ಟಿಯಿದೆ. ಪಟ್ಟಿಯ ಆಚೆ, ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ, ಎಷ್ಟು ತೊಳೆದರೂ ಹೋಗದ ಕಾಫಿಪುಡಿ ಇದೆ. ನೋಡಲು ಬಂದವರೆಲ್ಲರೂ ಏನಾಯಿತೆಂದು ಕೇಳುತ್ತಾರೆ. ನೆಗಡಿಯೆಂದು ನಾನು ಉತ್ತರಿಸುತ್ತೇನೆ.

ಕಳೆದ ಭಾನುವಾರ ನನಗೆ ಬಂದದ್ದು ಯಾವ ಕಲಬೆರಕೆಯೂ ಇಲ್ಲದ ಶುದ್ಧ ನೆಗಡಿ. ಜ್ವರವಿರಲಿಲ್ಲ, ಥರ್ಮಾಮೀಟರು 98.4 ತೋರಿಸುತ್ತಿತ್ತು. ಮೂಗು ಒಂದು ಕಡೆ ಕಟ್ಟಿ ಇನ್ನೊಂದು ಕಡೆ ಸೋರುತ್ತಿತ್ತು, ಅಷ್ಟೇ. ಇಂತಹ ನೆಗಡಿಯನ್ನು ತರುವುದು ವೈರಸ್ಸು. ಅದು ಏಳರಿಂದ ಹತ್ತು ದಿನ ಇದ್ದು, ಯಾರ ಅಪ್ಪಣೆಗೂ ಕಾಯದೆ, ತಾನಾಗಿ ಹೊರಟುಹೋಗುತ್ತದೆ. ಆದರೆ ತುಮಕೂರಿನಲ್ಲಿ ಒಬ್ಬ ಮನುಷ್ಯ ಎರಡು ಸಲ ಸೀನಿದನೆಂದರೆ ಇಡೀ ಬೀದಿಯೇ ಆತನ ಚಿಕಿತ್ಸೆಗೆ ನಿಲ್ಲುತ್ತದೆ. ಕಲ್ಪತರು ನಾಡೆಂದು ಎದೆಯುಬ್ಬಿಸಿ ಹೇಳಿಕೊಳ್ಳುವ ಇದೇ ಜನ, ನೆಗಡಿಯಾದ ಕೂಡಲೇ ಎಳನೀರನ್ನು ಮನೆಯೊಳಗೆ ಬಿಡಬಾರದ ವೈರಿಯಂತೆ ನೋಡುತ್ತಾರೆ. ಔಷಧಿ ಅಂಗಡಿಯ ಹುಡುಗನಂತೂ ನನ್ನ ಮೂಗನ್ನು ಒಮ್ಮೆ ನೋಡಿ, ಹಾಳೆಯಿಂದ ಕತ್ತರಿಸಿದ ಆರು ಮಾತ್ರೆಗಳನ್ನು ಪುಟ್ಟ ಕಾಗದದ ಪೊಟ್ಟಣಕ್ಕೆ ಹಾಕಿ, "ಎರಡು ದಿನಕ್ಕೆ ಸಾಕು ಸರ್, ಆಂಟಿಬಯೋಟಿಕ್ಕೂ ಹಾಕಿದೀನಿ" ಎಂದು ದೊಡ್ಡ ಉಪಕಾರ ಮಾಡಿದವನಂತೆ ಹೇಳಿದ. ಆಂಟಿಬಯೋಟಿಕ್ಕು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು ವೈರಸ್ಸಿಗೆ ಅದರ ಪರಿಚಯವೇ ಇಲ್ಲವೆಂದು ಅವನಿಗೆ ವಿವರಿಸಲು ಹೊರಟೆ. ಅಷ್ಟರಲ್ಲಿ ಸೀನು ಬಂದು ವಾದವನ್ನು ಅವನೇ ಗೆದ್ದ.

ಇವರೆಲ್ಲರನ್ನೂ ನಾನು ಹೇಗೋ ನಿಭಾಯಿಸಬಲ್ಲೆ. ನಿಭಾಯಿಸಲಾಗದವರು ನಮ್ಮ ದೊಡ್ಡಮ್ಮ. ಅವರಿರುವುದು ಕೊರಟಗೆರೆಯಲ್ಲಿ. ಹತ್ತಿರದ ಸಿದ್ಧರಬೆಟ್ಟ ಗಿಡಮೂಲಿಕೆಗಳಿಗೆ ಹೆಸರಾದದ್ದು. ಆ ಬೆಟ್ಟದ ನೆರಳಿನಲ್ಲಿ ಬಾಳಿದ ಒಂದೇ ಕಾರಣಕ್ಕೆ ವೈದ್ಯ ತಮಗೆ ತಾನಾಗಿಯೇ ಒಲಿದಿದೆಯೆಂದು ಅವರು ನಂಬಿದ್ದಾರೆ. ಬೆಟ್ಟವನ್ನು ಅವರು ಒಟ್ಟು ಹತ್ತಿರುವುದು ಎರಡು ಸಲ, ಅದರಲ್ಲೊಮ್ಮೆ ಅರ್ಧಕ್ಕೇ ಇಳಿದಿದ್ದಾರೆ. ಆದರೂ ಅವರ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಶುಂಠಿಯ ಕಷಾಯದ ಪುಡಿ ಮೂರು ತಿಂಗಳಿಗೊಮ್ಮೆ ನಮ್ಮ ಮನೆಗೆ ಹಾರ್ಲಿಕ್ಸ್ ಬಾಟಲಿಯಲ್ಲಿ ಬಂದು ತಲುಪುತ್ತದೆ. ಸುಳ್ಳು ಹೇಳಬಾರದು, ಬೆಲ್ಲ ಹಾಕಿ ಕುದಿಸಿದರೆ ಗಂಟಲಿಗೆ ಬಹಳ ಹಿತವಾಗಿರುತ್ತದೆ. ನನ್ನ ತಕರಾರು ಕಷಾಯದ ಮೇಲಲ್ಲ. ಮೊಮ್ಮಗ ಅವರಿಗೆ ವೀಡಿಯೋ ಕಾಲ್ ಮಾಡುವುದನ್ನು ಕಲಿಸಿಕೊಟ್ಟಿದ್ದಾನೆ. ನನ್ನ ತಕರಾರು ಅದರ ಮೇಲೆ.

ಅಂದಿನಿಂದ ದೊಡ್ಡಮ್ಮನ ಆಸ್ಪತ್ರೆ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ. "ನಾಲಿಗೆ ತೋರಿಸು" ಎನ್ನುತ್ತಾರೆ. ನಾನು ನಲವತ್ತೆಂಟು ವರ್ಷದ, ಕಚೇರಿಯಲ್ಲಿ ಎಂಟು ಜನರಿಂದ ಕೆಲಸ ತೆಗೆಯುವ ಮನುಷ್ಯ, ಫೋನಿಗೆ ನಾಲಿಗೆ ತೋರಿಸುತ್ತೇನೆ. "ಇನ್ನೂ ಹೊರಗೆ" ಎನ್ನುತ್ತಾರೆ. ಒಮ್ಮೆ ಹೀಗೆ ಬಿ.ಎಚ್. ರಸ್ತೆಯ ಬದಿಯಲ್ಲಿ ಸ್ಕೂಟರು ನಿಲ್ಲಿಸಿಕೊಂಡು ನಾಲಿಗೆ ಚಾಚಿದಾಗ ನಮ್ಮ ಮೇಲಧಿಕಾರಿಗಳ ಕಾರು ಪಕ್ಕದಲ್ಲೇ ಹಾದುಹೋಯಿತು. ಆ ವಿಷಯವನ್ನು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಭಾನುವಾರ ಸಂಜೆ ಹಬೆ ತೆಗೆದುಕೊಳ್ಳಬೇಕೆಂದು ಕೊರಟಗೆರೆಯಿಂದ ಆಜ್ಞೆಯಾಯಿತು. ದೊಡ್ಡ ತಪ್ಪಲೆಯಲ್ಲಿ ನೀರು, ಅದಕ್ಕೆ ತುಳಸಿ, ದೊಡ್ಡಪತ್ರೆ, ನೀಲಗಿರಿ ಸೊಪ್ಪು, ಚಿಟಿಕೆ ಅರಿಶಿನ, ಕೊನೆಗೆ ಒಂದು ಬೆರಳು ಅಮೃತಾಂಜನ. ಕುದಿಯುವ ತಪ್ಪಲೆಯನ್ನು ನನ್ನ ಹೆಂಡತಿ ತಂದು ಪ್ಲಾಸ್ಟಿಕ್ ಸ್ಟೂಲಿನ ಮೇಲಿಟ್ಟಳು. ಆ ಸ್ಟೂಲಿನ ಒಂದು ಕಾಲು ಕಳೆದ ಯುಗಾದಿಯಿಂದಲೂ ಸ್ವಲ್ಪ ಒಳಕ್ಕೆ ಬಾಗಿದೆ. ಮೇಲೆ ಕಂಬಳಿ ಮುಸುಕಿದರು. ಕಂಬಳಿಯ ಒಳಗೆ ನಾನು, ತಪ್ಪಲೆ ಮತ್ತು ದೊಡ್ಡಮ್ಮ. ಏಕೆಂದರೆ ಹಬೆಯನ್ನು ಸರಿಯಾಗಿ ಎಳೆದುಕೊಳ್ಳುತ್ತಿದ್ದೇನೆಯೇ ಎಂದು ಅವರು ಕಣ್ಣಾರೆ ನೋಡಬೇಕಾಗಿತ್ತು.

ಬಲಗೈಯಲ್ಲಿ ಫೋನು ಹಿಡಿದು, ಎಡಗೈಯಲ್ಲಿ ಕಂಬಳಿ ಎತ್ತಿಕೊಂಡು, ಕಣ್ಣು ಉರಿಯುತ್ತ, ಮೂಗಿನ ತುದಿಯಿಂದ ಹನಿಯುತ್ತ ಕುಳಿತಿದ್ದೆ. "ಬಾಯಲ್ಲಿ ಎಳಿ, ಮೂಗಲ್ಲಿ ಬಿಡು" ಎಂದರು ದೊಡ್ಡಮ್ಮ. ಹಾಗೆಯೇ ಮಾಡಿದೆ. "ಈಗ ಮೂಗಲ್ಲಿ ಎಳಿ, ಬಾಯಲ್ಲಿ ಬಿಡು" ಎಂದರು. ಎಳೆಯುವುದಕ್ಕೆ ಮೂಗೇ ಇಲ್ಲವಲ್ಲ ಎಂದೆ. ಅಷ್ಟರಲ್ಲಿ ಹಬೆ ತನ್ನ ಧರ್ಮವನ್ನು ಪಾಲಿಸಿ ಫೋನಿನ ಗಾಜಿನ ಮೇಲೆಲ್ಲ ಕೂತಿತು. "ಎಲ್ಲಿದ್ದೀಯೋ? ಕಾಣ್ತಾನೇ ಇಲ್ವಲ್ಲೋ! ಬರೀ ಬೆಳ್ಳಗಿದೆ!" ಎಂದು ಅವರು ಕೂಗಿಕೊಂಡರು, ಆ ದನಿಯಲ್ಲಿ ನಾನು ಲೋಕವನ್ನೇ ಬಿಟ್ಟುಹೋದೆನೇನೋ ಎನ್ನುವಂತಹ ಗಾಬರಿ ಇತ್ತು. ಗಾಜನ್ನು ಬನಿಯನ್ನಿನ ತುದಿಯಿಂದ ಒರೆಸಿದೆ. ಎರಡು ಕ್ಷಣ ಕಂಡೆ, ಮತ್ತೆ ಮಾಯವಾದೆ. ಮೂರನೆಯ ಸಲ ಒರೆಸಲು ಹೋದಾಗ ಮೊಣಕೈ ತಪ್ಪಲೆಯ ಅಂಚಿಗೆ ತಗುಲಿತು, ಯುಗಾದಿಯ ಕಾಲು ತನ್ನ ಕೆಲಸ ಮಾಡಿತು.

ಆಮೇಲೆ ನಡೆದದ್ದು ಚಿಕಿತ್ಸೆಯಲ್ಲ, ಅಡುಗೆ. ಹೆಂಡತಿ ಕಾಫಿಪುಡಿಯ ಡಬ್ಬಿಯೊಂದಿಗೆ ಓಡಿಬಂದಳು. ಮಗ ಬಚ್ಚಲಿನಿಂದ ಪೇಸ್ಟು ತಂದು, ಹಲ್ಲುಜ್ಜುವ ದಿನಗಳಲ್ಲಿ ಎಂದೂ ತೋರಿಸದ ಧಾರಾಳದಿಂದ ಪಾದದ ಮೇಲೆ ಹಿಂಡಿದ. ಪಕ್ಕದ ಮನೆಯವರು ಬಟ್ಟಲಿನಲ್ಲಿ ದೋಸೆ ಹಿಟ್ಟು ಹಿಡಿದು ಬಂದರು. ಅವರ ಮಾವನವರು ಇಂಕು ಹಚ್ಚಬೇಕೆಂದು ಹಟ ಹಿಡಿದರು. ಈಗ ಇಂಕಿನ ಬಾಟಲಿ ಯಾರ ಮನೆಯಲ್ಲಿದೆಯೆಂಬ ಬಗ್ಗೆ ನನ್ನ ಕಾಲಿನ ಮೇಲೆಯೇ ಸಣ್ಣ ಚರ್ಚೆ ನಡೆಯಿತು. ಈ ನಡುವೆ ಒದ್ದೆ ಕಂಬಳಿಯ ಅಡಿಯಲ್ಲೆಲ್ಲೋ ಬಿದ್ದಿದ್ದ ಫೋನಿನಿಂದ ದೊಡ್ಡಮ್ಮ "ಬಿಳೀ ಪೇಸ್ಟು, ಬಿಳೀ ಪೇಸ್ಟು! ಕೆಂಪುದು ಹಚ್ಚಬೇಡಿ!" ಎಂದು ಅರಚುತ್ತಲೇ ಇದ್ದರು.

ನನ್ನನ್ನು ಕಾಪಾಡಿದವಳು ಒಂಬತ್ತನೇ ತರಗತಿಯ ಮಗಳು. ಅವಳು ಯಾರಿಗೂ ಏನೂ ಹೇಳದೆ ನನ್ನನ್ನು ಬಚ್ಚಲಿಗೆ ನಡೆಸಿಕೊಂಡು ಹೋಗಿ, ಕಾಲನ್ನು ನಲ್ಲಿಯ ಕೆಳಗಿಟ್ಟು, "ಇಪ್ಪತ್ತು ನಿಮಿಷ ಅಪ್ಪ, ತೆಗೀಬಾರ್ದು" ಎಂದಳು. ತಣ್ಣನೆಯ ಹರಿಯುವ ನೀರು, ಐಸು ಕೂಡದು, ಬೇರೇನೂ ಹಚ್ಚಕೂಡದು. ಆದರೆ ಅಂದು ನಲ್ಲಿಯಲ್ಲಿ ನೀರು ಬಿಡುವ ದಿನವಲ್ಲ. ಹೇಮಾವತಿಯಿಂದ ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಸರದಿಯಂತೆ ನಮ್ಮ ಸಂಪಿಗಿಳಿದು, ಮೋಟಾರಿನಿಂದ ಟ್ಯಾಂಕಿಗೇರಿದ ನೀರು ನನ್ನ ಪಾದದ ಮೇಲೆ ಹರಿದು ಮೋರಿ ಸೇರುವುದನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಐದು ನಿಮಿಷ ಕನಿಕರವಿತ್ತು. ಹತ್ತನೆಯ ನಿಮಿಷಕ್ಕೆ "ಉರಿ ಕಮ್ಮಿ ಆಯ್ತಾ?" ಎಂದಳು. ಹದಿನೈದನೆಯ ನಿಮಿಷಕ್ಕೆ ನಲ್ಲಿಯ ಕೆಳಗೆ ಬಕೆಟ್ಟು ಬಂತು.

ವೈದ್ಯರು ಗಾಯಕ್ಕಿಂತ ಹೆಚ್ಚು ಹೊತ್ತು ಪೇಸ್ಟನ್ನು ಕೆರೆದು ತೆಗೆಯುವುದರಲ್ಲಿ ಕಳೆದರು. ಅದರ ನೋವಿನ ಮುಂದೆ ಬಿಸಿನೀರಿನ ನೋವು ಏನೂ ಅಲ್ಲ. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು, ಟಿ.ಟಿ. ಚುಚ್ಚಿದರು, ಗುಳ್ಳೆಯನ್ನು ಒಡೆಯಕೂಡದೆಂದರು. ಗಾಯ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖಕ್ಕೋ ಕೀಲಿಗೋ ಆಗಿದ್ದರೆ ದೊಡ್ಡಾಸ್ಪತ್ರೆಗೆ ಓಡಬೇಕಾಗಿತ್ತಂತೆ. ನೆಗಡಿಯ ವಿಷಯವನ್ನು ಕೊನೆಗೆ ಸಂಕೋಚದಿಂದಲೇ ತೆಗೆದೆ. ಹಬೆಯಿಂದ ಮೂಗು ಸ್ವಲ್ಪ ಹೊತ್ತು ಸಡಿಲವಾಗಬಹುದು, ನೆಗಡಿ ಒಂದು ದಿನವೂ ಬೇಗ ಹೋಗುವುದಿಲ್ಲ, ನೀರು ಕುಡಿದು ಮಲಗಿ ಎಂದರು. "ಜ್ವರ ಮೂರು ದಿನ ದಾಟಿದರೆ ಬನ್ನಿ, ಉಸಿರಾಡಲು ಕಷ್ಟವಾದರೆ ಬನ್ನಿ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಬನ್ನಿ. ಎದೆ ನೋವಾದರೆ ನನ್ನ ಹತ್ತಿರ ಬರಲೇಬೇಡಿ, ನೇರ ದೊಡ್ಡಾಸ್ಪತ್ರೆಗೇ ಹೋಗಿ." ಡೆಂಗಿಯಲ್ಲಿ ಜ್ವರ ಇಳಿದ ಮೇಲೆಯೇ ನಿಜವಾದ ಅಪಾಯ ಶುರುವಾಗುವುದೆಂದೂ, ಜ್ವರ ಬಿಟ್ಟಿತೆಂದು ಜನ ತಲೆಗೆ ಸ್ನಾನ ಮಾಡಿಸಿ ಹೋಳಿಗೆ ಹಾಕುತ್ತಾರೆಂದೂ ಬೇಸರದಿಂದ ಹೇಳಿದರು.

ಎದೆ ನೋವಿನ ಮಾತು ಬಂದಾಗ ನನಗೆ ದೊಡ್ಡಪ್ಪನ ನೆನಪಾಯಿತು. 2004ರ ಮಾಗಿಯಲ್ಲಿ ಒಂದು ರಾತ್ರಿ ಅವರು ಎದೆ ಹಿಡಿದಂತಾಗುತ್ತಿದೆಯೆಂದು ಎದ್ದು ಕುಳಿತಿದ್ದರು. ಮನೆಯಲ್ಲಿ ಎಲ್ಲರೂ ಅದನ್ನು ಗ್ಯಾಸು ಎಂದರು. ಓಮದ ನೀರು ಕೊಟ್ಟರು, ಇಂಗು ಕದಡಿದ ಮಜ್ಜಿಗೆ ಕೊಟ್ಟರು, ಬೆಳಗಿನ ಮೊದಲ ಬಸ್ಸಿಗೆ ತುಮಕೂರಿಗೆ ಹೊರಡುವುದೆಂದುಕೊಂಡರು. 108 ಬರುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ಮೊದಲ ಬಸ್ಸು ಅವರಿಲ್ಲದೆ ಹೊರಟಿತು. ರಾತ್ರಿಯೆಲ್ಲ ದೊಡ್ಡಮ್ಮ ಸೆರಗಿನಿಂದ ಅವರ ಬೆವರು ಒರೆಸುತ್ತ ಕುಳಿತಿದ್ದರಂತೆ. ಎಷ್ಟೋ ವರ್ಷಗಳ ಮೇಲೆ, ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ, ಕೇಳದೆಯೇ ಒಮ್ಮೆ ಹೇಳಿದ್ದರು: "ಮಾಗಿ ಚಳೀಲಿ ಮನುಷ್ಯ ಯಾಕೆ ಬೆವರ್ತಾನೆ ಅಂತ ನನಗೆ ಹೊಳೀಲೇ ಇಲ್ಲ ನೋಡು." ಸೀನಿದರೆ ನಾಲಿಗೆ ನೋಡಲು ಶುರುಮಾಡಿದ್ದು ಅವರು ಅದಾದ ಮೇಲೆ.

ಇಂದಿಗೆ ಎಂಟು ದಿನ. ನೆಗಡಿ ನಿನ್ನೆ ರಾತ್ರಿ ಯಾರಿಗೂ ಹೇಳದೆ ಹೊರಟುಹೋಗಿದೆ. ಕಾಲು ಮಾತ್ರ ಇನ್ನೂ ಚಪ್ಪಲಿಗೆ ಹೋಗುತ್ತಿಲ್ಲ. ಬೆಳಿಗ್ಗೆ ಎಂದಿನಂತೆ ಕೊರಟಗೆರೆಯಿಂದ ಕಾಲ್ ಬಂತು; ನಾಲಿಗೆ ತೋರಿಸಿದೆ, ಪಟ್ಟಿ ತೋರಿಸಿದೆ, ಮೂಗಿನಿಂದ ಉಸಿರೆಳೆದೂ ತೋರಿಸಿದೆ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಕೂಲಂಕಷವಾಗಿ ಪರೀಕ್ಷಿಸಿದರು.

"ನೋಡಿದ್ಯಾ, ಅರ್ಧ ಹಬೆಗೇ ಹೋಯ್ತು ನೆಗಡಿ" ಎಂದರು. "ನೆಟ್ಟಗೆ ಕೂತು ಪೂರ್ತಿ ತಗೊಂಡಿದ್ದಿದ್ರೆ ಸೋಮವಾರವೇ ಆಫೀಸಿಗೆ ಹೋಗ್ತಿದ್ದೆ."