ನಿಗದಿತ ಶುಲ್ಕದೊಳಗೆ ಏನೇನಿದೆ ಅಂತ ಬಿಲ್ಲಿನಲ್ಲೇ ಬರೆಯಲಿ

ಕರೆಂಟ್ ಬಿಲ್ಲಿನಲ್ಲಿ ನನಗೆ ಜಾಸ್ತಿ ಸಿಟ್ಟು ತರಿಸುವುದು ಯೂನಿಟ್ ದರವಲ್ಲ, ನಿಗದಿತ ಶುಲ್ಕ. ಯೂನಿಟ್ ದರ ಏರಿದರೆ ಗೀಸರ್ ಕಡಿಮೆ ಹಾಕಿ ಸುಧಾರಿಸಿಕೊಳ್ಳಬಹುದು. ಇದಕ್ಕೆ ಆ ದಾರಿಯೇ ಇಲ್ಲ. ಮನೆಗೆ ಬೀಗ ಹಾಕಿದ್ದರೂ ಬರುತ್ತದೆ.

ಹಾಗಂತ ಇದು ಬರೀ ಸುಲಿಗೆ ಅನ್ನುವುದು ತಪ್ಪು. 1892ರಲ್ಲೇ ಇಂಗ್ಲೆಂಡಿನ ಇಂಜಿನಿಯರ್ ಜಾನ್ ಹಾಪ್ಕಿನ್ಸನ್ ಈ ಲೆಕ್ಕ ವಿವರಿಸಿದ್ದರು. ನಾವು ಸ್ವಿಚ್ ಹಾಕಲಿ ಬಿಡಲಿ, ಹಾಕಿದ ತಕ್ಷಣ ಕರೆಂಟ್ ಸಿಗುವಂತೆ ಯಂತ್ರ, ತಂತಿ ಎಲ್ಲ ಸಿದ್ಧವಿರಬೇಕು. ಆ ಸಿದ್ಧತೆಗೆ ಒಂದು ಖರ್ಚು, ಬಳಸಿದ್ದಕ್ಕೆ ಇನ್ನೊಂದು. ನೀರಿನ ಪೈಪಿಗೂ ಇದೇ ಮಾತು. ಕಂಬ, ಟ್ರಾನ್ಸ್‌ಫಾರ್ಮರ್, ಲೈನ್‌ಮ್ಯಾನ್ ಸಂಬಳಕ್ಕೆ ದುಡ್ಡು ಕೊಡಲು ನನ್ನದೇನೂ ತಕರಾರಿಲ್ಲ.

ತಕರಾರು ಇರುವುದು ಅದರ ಜೊತೆ ನುಸುಳುವ ಬೇರೆ ಖರ್ಚುಗಳ ಬಗ್ಗೆ. 2021ರಲ್ಲಿ ಗ್ಯಾಸ್ ದರ ಏರಿ ಬ್ರಿಟನ್ನಿನಲ್ಲಿ ಮನೆಗಳಿಗೆ ಕರೆಂಟ್, ಗ್ಯಾಸ್ ಮಾರುವ ಎಷ್ಟೋ ಸಣ್ಣ ಕಂಪನಿಗಳು ಮುಳುಗಿದವು. ಅವುಗಳ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ಸೇರಿಸಿದ ಖರ್ಚನ್ನು 2022ರಲ್ಲಿ ಎಲ್ಲ ಮನೆಗಳ ಕರೆಂಟಿನ ನಿಗದಿತ ಶುಲ್ಕಕ್ಕೆ ಹಾಕಿದರು. ಯಾರದೋ ವ್ಯಾಪಾರ ಕೆಟ್ಟರೆ ಒಂದು ಬಲ್ಬಿನ ಮನೆಯವರು ಯಾಕೆ ತುಂಬಿಕೊಡಬೇಕು?

ಹೊರೆ ಜಾಸ್ತಿ ಬೀಳುವುದೂ ಅಂಥವರ ಮೇಲೇ. ಶುಲ್ಕ 200 ರೂಪಾಯಿ ಅಂದುಕೊಳ್ಳಿ. 40 ಯೂನಿಟ್ ಬಳಸುವವರಿಗೆ ಪ್ರತಿ ಯೂನಿಟ್ ಮೇಲೆ 5 ರೂಪಾಯಿ ಸೇರಿದ ಹಾಗಾಯಿತು. 400 ಯೂನಿಟ್ ಬಳಸುವವರಿಗೆ ಬರೀ ಅರ್ಧ ರೂಪಾಯಿ. ಉಳಿತಾಯದ ಕಥೆಯೂ ಅಷ್ಟೇ. 500ರ ಬಿಲ್ಲಿನಲ್ಲಿ 200 ಶುಲ್ಕವೇ ಇದ್ದರೆ, ಕಷ್ಟಪಟ್ಟು ಬಳಕೆಯನ್ನು ಅರ್ಧಕ್ಕಿಳಿಸಿದರೂ ಬಿಲ್ 350 ಬರುತ್ತದೆ. ದೀಪ ಆರಿಸಿ ಅಂತ ಮಕ್ಕಳಿಗೆ ಹೇಳುವ ಉತ್ಸಾಹ ಉಳಿಯುತ್ತದಾ?

ಬೇರೆ ದಾರಿ ಇಲ್ಲ ಅನ್ನುವವರು ಕ್ಯಾಲಿಫೋರ್ನಿಯಾ ನೋಡಲಿ. 2024ರಲ್ಲಿ ಅಲ್ಲಿ ದೊಡ್ಡ ಕಂಪನಿಗಳ ಗ್ರಾಹಕರಿಗೆ ತಿಂಗಳಿಗೆ ಸುಮಾರು 24 ಡಾಲರ್ ನಿಗದಿತ ಶುಲ್ಕ ಹಾಕಲು ನಿರ್ಧರಿಸಿದರು. ಆದರೆ ಕಡಿಮೆ ಆದಾಯದವರಿಗೆ 6 ಅಥವಾ 12 ಡಾಲರ್ ಅಷ್ಟೇ, ಜೊತೆಗೆ ಯೂನಿಟ್ ದರವನ್ನೂ ಇಳಿಸಿದರು. ಅದು ಪೂರ್ತಿ ಸರಿ ಅಂತ ನಾನು ಹೇಳುತ್ತಿಲ್ಲ, ಕಡಿಮೆ ಬಳಸುವವರಿಗೆ ಅಲ್ಲೂ ಪೆಟ್ಟಿದೆ. ಆದರೂ ಶುಲ್ಕ, ದರ ಎರಡನ್ನೂ ಸುಮ್ನೆ ಏರಿಸಿ ಕೂರುವುದಕ್ಕಿಂತ ವಾಸಿ ಅಲ್ವಾ?

ದರ ಬದಲಿಸುವ ಮುಂಚೆ ಎಷ್ಟೋ ಕಡೆ ಜನರ ಆಕ್ಷೇಪಣೆ ಕರೆಯುತ್ತಾರೆ. ನಿಮ್ಮಲ್ಲೂ ಕರೆದರೆ ಯೂನಿಟ್ ದರದ ಬಗ್ಗೆ ಮಾತ್ರ ಬರೆದು ಸುಮ್ಮನಾಗಬೇಡಿ. ನಿಗದಿತ ಶುಲ್ಕದಲ್ಲಿ ತಂತಿಗೆಷ್ಟು, ಮೀಟರಿಗೆಷ್ಟು, ಹಳೇ ಸಾಲಕ್ಕೆಷ್ಟು ಅಂತ ಬಿಡಿಸಿ ಬರೆಯಲು ಕೇಳಿ.